ಹೆಬ್ಬೆರಳ ಬುಡದ ಸವೆತಕ್ಕೆ ಸ್ಪ್ಲಿಂಟ್: ಆರಿಸುವುದು, ಕಟ್ಟುವುದು ಹೇಗೆ?

ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸುವಾಗ, ಒದ್ದೆ ಬಟ್ಟೆ ಹಿಂಡುವಾಗ ಹೆಬ್ಬೆರಳ ಬುಡ ಚುಳ್ಳೆನ್ನುತ್ತದೆಯೇ? 50 ದಾಟಿದ ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ಅಲ್ಲಿ ಎರಡು ಮೂಳೆಗಳು ಕುದುರೆಯ ಜೀನಿನ ಹಾಗೆ ಒಂದರ ಮೇಲೊಂದು ಕೂತಿವೆ. ನಡುವಿನ ಮೃದ್ವಸ್ಥಿ ಸವೆದು, ಕೀಲು ಸಡಿಲಗೊಂಡು ಜರುಗತೊಡಗುತ್ತದೆ. ಬೆರಳ ತುದಿಯಲ್ಲಿ 1 ಕಿಲೋದಷ್ಟು ಒತ್ತಿ ಹಿಡಿದರೆ ಬುಡದ ಮೇಲೆ ಬೀಳುವ ಭಾರ ಸುಮಾರು 12 ಕಿಲೋ. ಸ್ಪ್ಲಿಂಟ್, ಅಂದರೆ ಕೀಲಿಗೆ ಆಸರೆಯಾಗಿ ಕಟ್ಟುವ ಪಟ್ಟಿ, ಆ ಜರುಗುವಿಕೆಗೆ ತಡೆ ಹಾಕುತ್ತದೆ. ಸವೆದದ್ದನ್ನು ಮರಳಿ ಬೆಳೆಸುವುದಿಲ್ಲ.

ಕೊಳ್ಳುವ ಮುಂಚೆ ವೈದ್ಯರಿಗೆ ತೋರಿಸಿ. ಮಣಿಕಟ್ಟಿನ ಪಕ್ಕದ ಸ್ನಾಯುರಜ್ಜು ಊದಿದರೂ ನೋವು ಹೆಚ್ಚುಕಡಿಮೆ ಅಲ್ಲೇ ಬರುತ್ತದೆ, ಅದಕ್ಕೆ ಕಟ್ಟುವ ಪಟ್ಟಿಯೇ ಬೇರೆ.

ಕೆಲಸದ ಹೊತ್ತಿಗೆ ಮಣಿಕಟ್ಟನ್ನು ಬಿಡುವಾಗಿಡುವ ಗಿಡ್ಡ ಸ್ಪ್ಲಿಂಟ್ ಅನುಕೂಲ. ರಬ್ಬರಿನಂಥ ಮೆತ್ತನೆಯ ನಿಯೋಪ್ರೀನ್‌ನದು ಹಿತ, ಗಟ್ಟಿ ಪ್ಲಾಸ್ಟಿಕ್ಕಿನದು ಹಿಡಿತಕ್ಕೆ ಬಿಗಿ. ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಸಲೀಸಾಗಲು ನೆರವಾಗುವ ಚಿಕಿತ್ಸಕರು) ಸಿಕ್ಕರೆ ನಿಮ್ಮ ಕೈಯ ಅಳತೆಗೇ ಮಾಡಿಸಿಕೊಳ್ಳಿ. ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕೈಮೇಲೆಯೇ ಅಚ್ಚು ಕೂರಿಸುತ್ತಾರೆ.

ಕಟ್ಟುವಾಗ ಲೋಟ ಹಿಡಿದ ಹಾಗೆ ಹೆಬ್ಬೆರಳನ್ನು ಅಗಲಿಸಿ, ಆಮೇಲೆ ವೆಲ್ಕ್ರೋ ಎಳೆಯಿರಿ. ಈಗ ಹೆಬ್ಬೆರಳ ತುದಿಯನ್ನು ತೋರುಬೆರಳ ತುದಿಗೆ ಮುಟ್ಟಿಸಿ. ದುಂಡನೆಯ ಬಳೆಯಂತೆ ಕಂಡರೆ ಸರಿ. ಕೀಲು ಕುಸಿದು ಬೆರಳು ಚಪ್ಪಟೆಯಾದರೆ ಹಿಡಿತ ಸಾಲದು. ತುದಿಯ ಗೆಣ್ಣು ಸಲೀಸಾಗಿ ಮಡಿಯಬೇಕು. ಬಿಚ್ಚಿ 20 ನಿಮಿಷವಾದರೂ ಕೆಂಪು ಗುರುತು ಮಾಸದಿದ್ದರೆ, ಬೆರಳು ಜೋಮು ಹಿಡಿದರೆ, ಸ್ಪ್ಲಿಂಟ್ ತಿದ್ದಿಸಲೇಬೇಕು. ದಯವಿಟ್ಟು ಸಹಿಸಿಕೊಂಡು ಕೂರಬೇಡಿ.

ಎಷ್ಟು ಹೊತ್ತು? ನೋವು ತರುವ ಕೆಲಸ ಶುರು ಮಾಡುವ ಮುಂಚೆಯೇ ಹಾಕಿಕೊಳ್ಳಿ, ಮುಗಿದ ಮೇಲೆ ತೆಗೆಯಿರಿ. ಹಗಲಿಡೀ ಕಟ್ಟಿಟ್ಟರೆ ಕೈ ಬಿಗಿಯುತ್ತದೆ. ರಾತ್ರಿಯ ಸ್ಪ್ಲಿಂಟ್‌ಗೆ ತಾಳ್ಮೆ ಬೇಕು. ಫ್ರಾನ್ಸ್‌ನಲ್ಲಿ 112 ಮಂದಿಯ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾತ್ರಿ ಕಟ್ಟಿಕೊಂಡವರಿಗೂ ಕಟ್ಟಿಕೊಳ್ಳದವರಿಗೂ ಒಂದು ತಿಂಗಳಾದಾಗ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ವರ್ಷ ತುಂಬುವಾಗ ಕಟ್ಟಿಕೊಂಡವರ ನೋವು ಹೆಚ್ಚು ಇಳಿದಿತ್ತು. ಎಷ್ಟೋ ಮಂದಿ ಎರಡನೇ ವಾರಕ್ಕೇ ಅದನ್ನು ಬೀರುವಿಗೆ ಸೇರಿಸುತ್ತಾರೆ ಎಂಬುದೇ ನನ್ನ ಸಂಕಟ.

ಪಾತ್ರೆ ತೊಳೆಯುವಾಗ ಬಿಚ್ಚಿಡಿ, ಒದ್ದೆ ಪಟ್ಟಿಯ ಕೆಳಗೆ ಚರ್ಮ ಕೆಡುತ್ತದೆ. ಪ್ಲಾಸ್ಟಿಕ್ಕಿನದನ್ನು ತಣ್ಣೀರು, ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಒಲೆಯ ಹತ್ತಿರವೋ ಬಿಸಿಲಿಗೆ ನಿಂತ ಕಾರಿನೊಳಗೋ ಬಿಟ್ಟರೆ ಆಕಾರವೇ ಹೋದೀತು.