ಗಿಡ, ಹಕ್ಕಿಗಳ ಚಿತ್ರ ಕಲಿಸುವಾಗ ಮೊದಲ ದಿನ ಒಂದೇ ಎಲೆ

ದೊಡ್ಡವರಿಗೆ ಜಲವರ್ಣದಲ್ಲಿ ಗಿಡದ ಚಿತ್ರ ಕಲಿಸುವಾಗ ಅಡ್ಡ ಬರುವುದು ಅವರಿಗೆ ಮೊದಲೇ ಗೊತ್ತಿರುವ ಎಲೆ. ಎದುರಿನ ಎಲೆ ಓರೆಯಾಗಿ ಮುಂದಕ್ಕೆ ಬಾಗಿದ್ದರೂ ಕಾಗದದ ಮೇಲೆ ಅದು ಪೂರ್ತಿ ಉದ್ದಕ್ಕೆ ಚಪ್ಪಟೆಯಾಗಿ ಬಂದುಬಿಡುತ್ತದೆ. ಅದಕ್ಕೇ ನಾನು ಮೊದಲ ದಿನ ಹೂವು ಕೊಡುವುದಿಲ್ಲ. ಒಂದು ಎಲೆ, ಒಂದು ಡಿವೈಡರ್, ಅಷ್ಟೇ. ಡಿವೈಡರನ್ನು ಎಲೆಗೇ ತಾಗಿಸಿದರೆ ಸಿಗುವುದು ನಿಜವಾದ ಉದ್ದ. ನಮಗೆ ಬೇಕಾದದ್ದು ಕಾಣುವ ಉದ್ದ. ಒಂದು ಕಣ್ಣು ಮುಚ್ಚಿ, ಕೈ ನೇರ ಚಾಚಿ, ಡಿವೈಡರ್ ಮುಂದಕ್ಕಾಗಲಿ ಹಿಂದಕ್ಕಾಗಲಿ ವಾಲದಂತೆ ಹಿಡಿದು ಅಳೆಯಬೇಕು. ಆಮೇಲೆ ನಡುನರ. ಎಲೆ ಮಡಚಿ ಮರೆಯಾದ ಕಡೆಯೂ ಗೆರೆ ತೆಳುವಾಗಿ ಮುಂದುವರಿಯಬೇಕು, ಇಲ್ಲದಿದ್ದರೆ ಎಲೆ ಅಲ್ಲಿ ಮುರಿದಂತೆ ಕಾಣುತ್ತದೆ. ಅಂಚು ಕೊನೆಗೆ.

ಕಾಗದ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ), ಹತ್ತಿಯದ್ದು, ನುಣುಪಾದ ಹಾಟ್ ಪ್ರೆಸ್. ತರಿತರಿ ಕಾಗದದಲ್ಲಿ ಸಣ್ಣ ನರಗಳು ತುಂಡಾಗುತ್ತವೆ. ಬ್ರಷ್ 4 ಅಥವಾ 6ನೇ ನಂಬರಿನದು, ತುದಿ ಚೂಪಾಗಿರಬೇಕು. ತೀರಾ ಸಣ್ಣ ಬ್ರಷ್‌ನಲ್ಲಿ ಬಣ್ಣ ನಿಲ್ಲದೆ ಗೆರೆ ಅರ್ಧದಲ್ಲೇ ಒಣಗುತ್ತದೆ. ದೀಪ ಒಂದೇ, ಬಲಗೈಯವರಿಗೆ ಎಡಗಡೆಯಿಂದ. ಎರಡಾದರೆ ನೆರಳೂ ಎರಡು.

ಹಸಿರನ್ನು ಲೆಮನ್ ಹಳದಿ, ಅಲ್ಟ್ರಾಮರೀನ್ ನೀಲಿ ಬೆರೆಸಿಯೇ ಮಾಡಿಸುತ್ತೇನೆ. ಕಣ್ಣು ಕುಕ್ಕಿದರೆ ಚೂರು ಕೆಂಪು. ಕಾಗದದ ಪಟ್ಟಿಗೆ ಹಚ್ಚಿ, ಒಣಗಿದ ಮೇಲೆ ಎಲೆಯ ಪಕ್ಕ ಹಿಡಿದು ನೋಡಬೇಕು, ಏಕೆಂದರೆ ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ. ಹೊಳಪಿನ ಜಾಗಕ್ಕೆ ಬಿಳಿ ಬಣ್ಣ ಬೇಡ, ಕಾಗದವನ್ನೇ ಬಿಡಬೇಕು.

ಹೆಚ್ಚಿನ ಚಿತ್ರಗಳು ಕೆಡುವುದು ಎರಡನೇ ಪದರದಲ್ಲಿ. ಕೆಳಗಿನದು ಅರೆ ಒಣಗಿರುವಾಗ ಒದ್ದೆ ಬ್ರಷ್ ಇಟ್ಟರೆ ಆ ನೀರು ಬಣ್ಣವನ್ನು ಹೊರಕ್ಕೆ ತಳ್ಳಿ ಹೂಕೋಸಿನಂಥ ಕಲೆ ಮಾಡುತ್ತದೆ. ಬೆರಳ ಹಿಂಭಾಗ ತಾಗಿಸಿ ನೋಡಿ: ತಣ್ಣಗಿದ್ದರೆ ಇನ್ನೂ ಹಸಿ. ಕಲೆ ಬಿದ್ದರೆ ಆಗಲೇ ಉಜ್ಜಬಾರದು, ಕಾಗದ ನಾರು ಏಳುತ್ತದೆ. ಪೂರ್ತಿ ಒಣಗಲು ಬಿಟ್ಟು, ಹಿಂಡಿದ ಬ್ರಷ್‌ನಿಂದ ಅಂಚನ್ನಷ್ಟೇ ಮೆತ್ತಗೆ ಎತ್ತಬೇಕು.

ಹಕ್ಕಿಗೆ ಫೋಟೊ ಇಡುತ್ತೇನೆ. ಬಣ್ಣ ಹಚ್ಚುವಾಗ ಕಣ್ಣು ಮೊದಲು. ಅದು ಕೆಟ್ಟರೆ ಹೊಸ ಹಾಳೆ ತೆಗೆದುಕೊಳ್ಳಲು ಆಗಿನ್ನೂ ಬೇಸರವಿರುವುದಿಲ್ಲ. ಗರಿಗಳನ್ನು ಎಣಿಸುತ್ತಾ ಹೋಗದೆ, ರೆಕ್ಕೆಯಲ್ಲಿ ಉದ್ದ ಗರಿಗಳ ಗುಂಪು, ಅವುಗಳ ಬುಡ ಮುಚ್ಚುವ ಸಣ್ಣ ಗರಿಗಳ ಸಾಲು ಎಂದು ಮೊದಲು ಬೇರ್ಪಡಿಸಬೇಕು. ಕಾಲಿನಲ್ಲಿ ಎಲ್ಲರೂ ಎಡವುತ್ತಾರೆ. ಹಿಂದಕ್ಕೆ ಬಾಗಿ ಕಾಣುವ ಗಂಟು ಮಂಡಿಯಲ್ಲ, ಹಿಮ್ಮಡಿಯ ಕೀಲು. ಮಂಡಿ ಹೊಟ್ಟೆಯ ಗರಿಗಳೊಳಗೆ ಅಡಗಿರುತ್ತದೆ. ಇಷ್ಟು ತಿಳಿದು ಬರೆದರೆ ಹಕ್ಕಿಯ ಭಾರ ಕೊಂಬೆಯ ಮೇಲೆ ಸರಿಯಾಗಿ ಕೂರುತ್ತದೆ.