ಸೆಕೆಂಡ್ ಲೈಫ್ ಎಂಬ ಆನ್‌ಲೈನ್ 3ಡಿ ಲೋಕಕ್ಕೆ ಮಾರಿ ಆಂಟೊನೆಟ್ ಕೋಣೆ ಮಾಡುವವರಿಗೆ

ಫ್ರೆಂಚ್ ರಾಣಿಯ ಕೋಣೆ ಅಂದ ತಕ್ಷಣ ಸಿಕ್ಕಿದ್ದಕ್ಕೆಲ್ಲ ಚಿನ್ನ ಬಳಿಯಬೇಡಿ. ಫಾಂಟೆನ್‌ಬ್ಲೋ ಅರಮನೆಯಲ್ಲಿ ಆಕೆಯ ಖಾಸಗಿ ಕೋಣೆಗೆ 1786ರಲ್ಲಿ ಪೀಠೋಪಕರಣ ಕುಶಲಕರ್ಮಿ ರೀಸೆನರ್ ಮಾಡಿಕೊಟ್ಟ ಬರೆಯುವ ಮೇಜಿನ ಫೋಟೊ ಒಮ್ಮೆ ನೋಡಿ, ಮೈತುಂಬಾ ಡೈಮಂಡ್ ಆಕಾರದ ಮುತ್ತಿನ ಚಿಪ್ಪಿನ ತುಂಡುಗಳು! ಚಿಪ್ಪು ಲೋಹ ಅಲ್ಲ ಅಲ್ವಾ, ಹಾಗಾಗಿ ಮೇಲ್ಮೈ ಸೆಟ್ಟಿಂಗ್‌ನಲ್ಲಿ ಮೆಟಾಲಿಕ್ (ಲೋಹದ ಗುಣ) ಸೊನ್ನೆ ಇಡಿ, ರಫ್‌ನೆಸ್ (ಒರಟುತನ) ಕಡಿಮೆ ಮಾಡಿ, ತಿಳಿ ಗುಲಾಬಿ ಮತ್ತು ಹಸಿರು ಛಾಯೆಯನ್ನು ಬೇಸ್ ಕಲರ್‌ನಲ್ಲೇ ಸೇರಿಸಿ. ಒಂದೇ ತುಂಡನ್ನು ಸುಮ್ನೆ ಕಾಪಿ ಹೊಡೆದರೆ ಬಾತ್‌ರೂಮ್ ಟೈಲ್ಸ್ ತರಹ ಕಾಣುತ್ತದೆ. ನಾಲ್ಕೈದು ಬಗೆ ಮಾಡಿಕೊಂಡು ತಿರುಗಿಸಿ ಜೋಡಿಸಿ.

ಚಿನ್ನದ ಲೇಪದ ಕಂಚನ್ನು ಆಗಿನ ಕುಶಲಕರ್ಮಿಗಳು ಒಂದೇ ಸಮ ಹೊಳೆಯಿಸುತ್ತಿರಲಿಲ್ಲ, ಕೆಲವು ಕಡೆ ಮ್ಯಾಟ್ ಬಿಟ್ಟು ಕೆಲವು ಕಡೆ ಉಜ್ಜಿ ಹೊಳಪು ಕೊಡುತ್ತಿದ್ದರು. ರಫ್‌ನೆಸ್ ಮ್ಯಾಪ್‌ನಲ್ಲಿ (ಎಲ್ಲಿ ಎಷ್ಟು ಒರಟು ಎಂದು ಹೇಳುವ ಚಿತ್ರ) ಇದನ್ನು ತೋರಿಸಿದರೆ ಅರ್ಧ ಕೆಲಸ ಆದಂತೆ. ಸಣ್ಣ ಕೆತ್ತನೆಯೆಲ್ಲ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ನಾರ್ಮಲ್ ಮ್ಯಾಪ್‌ಗೆ (ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರ) ಬೇಕ್ ಮಾಡಿ, ಅಂದರೆ ಅದರಲ್ಲಿ ಅಚ್ಚೊತ್ತಿ. ಹೊರಗಿನ ಆಕಾರ ಮಾತ್ರ ಮೆಶ್‌ನಲ್ಲಿರಲಿ, ಅಂದರೆ ನಿಜವಾದ 3ಡಿ ರೂಪದಲ್ಲಿರಲಿ.

ಕುರ್ಚಿಗೆ ಡೊಂಕು ಕಾಲು ಬೇಡ, ಅದು ಹಿಂದಿನ ರಾಜ 15ನೇ ಲೂಯಿಯ ಕಾಲದ ಶೈಲಿ. ಇಲ್ಲಿ ಬೇಕಾದ್ದು ಕೆಳಕ್ಕೆ ಸಣ್ಣಗಾಗುವ ನೆಟ್ಟನೆಯ ಕಾಲು.

ಎಲ್‌ಒಡಿ (ದೂರದಿಂದ ನೋಡುವಾಗ ತೋರಿಸುವ ಸರಳ ಮಾದರಿಗಳು) ನೀವೇ ಮಾಡಿ ಹಾಕಿ. ಸೆಕೆಂಡ್ ಲೈಫ್‌ನ ಅಪ್‌ಲೋಡರ್‌ಗೆ ಬಿಟ್ಟರೆ ಸ್ವಲ್ಪ ದೂರದಿಂದಲೇ ಮೇಜಿನ ಕಾಲು ಮಾಯ.