ಗಾಳಿ ಕಮಾನು ಮಡಚಿ ಬೀಳದಂತೆ ನಿಲ್ಲಿಸುವುದು

ಮ್ಯಾರಥಾನ್‌ಗೋ ಮೇಳಕ್ಕೋ ಬ್ಲೋವರ್ ಹಾಕಿ ನಿಲ್ಲಿಸುವ ಬಟ್ಟೆ ಕಮಾನಿನ ಒಳಗೆ ಕಂಬವಿಲ್ಲ. ಬಟ್ಟೆ ಎಳೆದರೆ ತಡೆಯುತ್ತದೆ, ಒತ್ತಿದರೆ ಸುಕ್ಕಾಗುತ್ತದೆ. ಒಳಗಿನ ಗಾಳಿ ಅದನ್ನು ಮೊದಲೇ ಬಿಗಿದಿರುತ್ತದೆ. ಕಮಾನು ಬಾಗಿದಾಗ ಒಳಮಗ್ಗುಲಿನ ಆ ಬಿಗಿ ಪೂರ್ತಿ ಸಡಿಲಾದ ಕೂಡಲೇ ಸುಕ್ಕು ಮೂಡುತ್ತದೆ. ಲೆಕ್ಕದಲ್ಲಿ, ಸುಕ್ಕು ಮೂಡಿಸಿದ ಭಾರದ ಎರಡರಷ್ಟಕ್ಕೆ ಕಮಾನಿನ ಬಟ್ಟೆ ಕೊಳವೆ ಮಡಚಿಯೇ ಬೀಳುತ್ತದೆ.

ಒತ್ತಡ ಎರಡರಷ್ಟಾದರೆ ತಾಕತ್ತೂ ಎರಡರಷ್ಟು; ಕೊಳವೆಯ ದಪ್ಪ (ವ್ಯಾಸ) ಎರಡರಷ್ಟಾದರೆ ಎಂಟರಷ್ಟು. ಹಾಗಾಗಿ ಬಾಡಿಗೆಗೆ ತರುವಾಗ ಎತ್ತರಕ್ಕಿಂತ ಮೊದಲು ಕೊಳವೆಯ ದಪ್ಪ ಕೇಳಿ.

ಒತ್ತಡ ನೋಡಲು ಗಾರೆಯವರ ಲೆವೆಲ್ ಪೈಪ್ ಸಾಕು. ಯು ಆಕಾರದಲ್ಲಿ ಹಿಡಿದು ನೀರು ತುಂಬಿ, ಒಂದು ತುದಿಯನ್ನು ಕಮಾನಿನ ಗಾಳಿ ಬಿಡುವ ಜಿಪ್ಪಿನ ಸಂದಿಯಲ್ಲಿ ತೂರಿಸಿ. ಎರಡೂ ಕಡೆಯ ನೀರಿಗೆ 10 ಸೆಂ.ಮೀ. ವ್ಯತ್ಯಾಸ ಬಂದರೆ ಒತ್ತಡ ಸುಮಾರು 1000 ಪಾಸ್ಕಲ್. 1 ಮೀಟರ್ ದಪ್ಪದ ಕೊಳವೆ ಈ ಒತ್ತಡದಲ್ಲಿ ಸುಮಾರು 196 ನ್ಯೂಟನ್-ಮೀಟರ್ ಬಾಗಿಸುವ ಹೊಡೆತಕ್ಕೆ ಸುಕ್ಕಾಗುತ್ತದೆ, 393ಕ್ಕೆ ಮಡಚುತ್ತದೆ. ಗಂಟೆಗೆ 36 ಕಿ.ಮೀ. ಗಾಳಿ ಬೀಸಿದರೆ, ಹಗ್ಗವಿಲ್ಲದ 4 ಮೀಟರ್ ಕಾಲಿನ ಬುಡಕ್ಕೆ ಬೀಳುವುದೇ ಸುಮಾರು 480. ಅಂದರೆ ಕಮಾನನ್ನು ಕಾಯುವುದು ಹಗ್ಗ.

6 ಮೀಟರ್ ಅಗಲ, 4 ಮೀಟರ್ ಎತ್ತರದ ಕಮಾನಿಗೆ ಎತ್ತರದ ಮೂರನೇ ಎರಡು ಭಾಗದಲ್ಲಿ ಹಿಂದೆ ಎರಡು, ಮುಂದೆ ಎರಡು ಹಗ್ಗ ಕಟ್ಟಿ. ನೆಲಕ್ಕೆ 45 ಡಿಗ್ರಿ ಓರೆ ಇರಲಿ. ಕಡಿದಾಗಿ ಕಟ್ಟಿದರೆ ಹಗ್ಗ ತನ್ನ ಬುಡದ ಮರಳು ಚೀಲವನ್ನೇ ಎತ್ತುತ್ತದೆ. ತೀರ್ಥಹಳ್ಳಿ, ಹೊಸನಗರದ ಜಂಬಿಟ್ಟಿಗೆ ನೆಲದಲ್ಲಿ ಗೂಟ ಇಳಿಯುವುದು ಕಷ್ಟ, ಮಳೆಗೆ ನೆನೆದ ಮಣ್ಣಿನಲ್ಲಿ ಇಳಿದರೂ ಕಿತ್ತು ಬರುತ್ತದೆ. ಮರಳು ಚೀಲವೇ ಒಳ್ಳೆಯದು. ಆದರೆ ಚೀಲ ಜಾರದೆ ತಡೆಯುವ ಅಡ್ಡ ಎಳೆತ ಅದರ ತೂಕದ ಮೂರನೇ ಒಂದು ಭಾಗ ಮಾತ್ರ. ಮೇಲಿನ ಗಾಳಿಗೆ ಪ್ರತಿ ಹಗ್ಗಕ್ಕೆ 100 ಕೆ.ಜಿ.ಗಿಂತ ಕಡಿಮೆ ಇಡಬೇಡಿ. ಗಾಳಿಯ ವೇಗ ಇಮ್ಮಡಿಯಾದರೆ ಹೊಡೆತ ನಾಲ್ಕರಷ್ಟು. ಅಗಲದ ಬ್ಯಾನರ್ ನೇತುಹಾಕಿದರೆ ಈ ಲೆಕ್ಕ ಸಾಲದು.

ಬ್ಲೋವರ್‌ಗೆ ಹಾಕಿದ ಎಕ್ಸ್‌ಟೆನ್ಷನ್ ವೈರ್ ಉದ್ದ ಮತ್ತು ತೆಳುವಾದರೆ ವೋಲ್ಟೇಜ್ ಬಿದ್ದು ಮೋಟಾರ್ ನಿಧಾನವಾಗುತ್ತದೆ. ವೇಗ ಶೇ. 10 ಇಳಿದರೆ ಒತ್ತಡ ಶೇ. 19 ಇಳಿಯುತ್ತದೆ. 2.5 ಚದರ ಮಿ.ಮೀ. ವೈರ್ ಬಳಸಿ, ಜನರೇಟರ್ ಪಕ್ಕದಲ್ಲೇ ಇರಲಿ. ಬ್ಲೋವರ್ ಬಾಯಿಗೆ ಒದ್ದೆ ಎಲೆ ಅಂಟದಂತೆ ಜಾಲರಿ ಹಾಕಿ. ಹೊಲಿಗೆಯಿಂದ ಗಾಳಿ ಸೋರುವುದು ಸಹಜ, ಅದಕ್ಕೆ ಟೇಪ್ ಬೇಡ.

ಏಪ್ರಿಲ್–ಮೇ ಸಂಜೆಯ ಗುಡುಗು ಮಳೆಗೆ ಮುನ್ನ ಗಾಳಿ ಏಳುತ್ತದೆ. ಆಗ ಕಾಲಿನ ಬುಡದಲ್ಲಿ, ಗಾಳಿ ಬಡಿಯುವ ಮಗ್ಗುಲಿನ ಹಿಂಬದಿಯಲ್ಲಿ, ಅಡ್ಡ ಸುಕ್ಕು ಬಂದು ಬಂದು ಹೋಗುತ್ತಿದ್ದರೆ ಜನರನ್ನು ದೂರ ಕಳಿಸಿ, ಬ್ಲೋವರ್ ನಿಲ್ಲಿಸಿ, ಜಿಪ್ ಬಿಚ್ಚಿ. ಬಟ್ಟೆ ಪೂರ್ತಿ ನೆಲಕ್ಕೆ ಬೀಳುವವರೆಗೆ ಹಗ್ಗ ಮಾತ್ರ ಬಿಚ್ಚಬೇಡಿ.